ಮಾವನ ಜೀಪು, ನನ್ನ ಕಾಫಿ

ಕೆಟ್ಟು ನಿಂತ ಬಂಡಿಗೂ ನನಗೂ ಯಾವ ಜನ್ಮದ ಋಣವೋ ಗೊತ್ತಿಲ್ಲ. ನಾನು ಯಾವ ಊರಿಗೆ ಹೋಗಿ ಕೂತರೂ ಅದು ಹುಡುಕಿಕೊಂಡು ಬಂದು ನನ್ನ ಕಣ್ಣೆದುರಿಗೇ ನಿಲ್ಲುತ್ತದೆ. ಈಗ ನಾನಿರುವುದು ನಾಸಿಕ್‌ನಲ್ಲಿ, ಮಗಳ ಮನೆಯಲ್ಲಿ. ಮೊನ್ನೆ ಬೆಳಿಗ್ಗೆ ಕೆಳಮನೆಯವರ ಕಾರು ಸ್ಟಾರ್ಟ್ ಆಗಲಿಲ್ಲ. ಐದಾರು ಜನ ಗಂಡಸರು ಅದರ ಸುತ್ತ ಸೇರಿ ಮರಾಠಿಯಲ್ಲಿ ಸಲಹೆ ಕೊಡುತ್ತಿದ್ದರು. ನನಗೆ ಮರಾಠಿ ಅಷ್ಟಾಗಿ ಬಾರದು. ಆದರೂ ಒಂದೊಂದು ಮಾತೂ ಅರ್ಥವಾಯಿತು. ಕೆಟ್ಟ ಬಂಡಿಯ ಸುತ್ತ ನಿಂತ ಗಂಡಸರು ಎಲ್ಲ ದೇಶದಲ್ಲೂ ಅದನ್ನೇ ಮಾತಾಡುತ್ತಾರೆ. ಸ್ವಲ್ಪ ಹೊತ್ತಿಗೆ ಆ ಮನೆಯ ಸೊಸೆ ತಟ್ಟೆಯಲ್ಲಿ ಚಹಾದ ಲೋಟಗಳನ್ನು ಹಿಡಿದು ಬಂದಳು. ಅವಳನ್ನು ನೋಡಿದ್ದೇ ತಡ, ನನ್ನ ಸೊಂಟ ನೋಯಲು ಶುರುವಾಯಿತು.

ನಾನು ಹುಟ್ಟಿದ್ದು ಮಾಲೂರಿನ ಕಡೆ. ಕೊಟ್ಟಿದ್ದು ಶ್ರೀನಿವಾಸಪುರದ ಪಕ್ಕದ ಯಲ್ದೂರಿಗೆ. ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲದಲ್ಲಿ ಆ ಮನೆಯಲ್ಲಿ ಒಂದು ಜೀಪನ್ನು ಎಬ್ಬಿಸಿದರು. ಎಬ್ಬಿಸಿದವರು ಯಾರು ಎಂದು ಕೇಳಿದರೆ ಹತ್ತು ಜನ ಮುಂದೆ ಬರುತ್ತಾರೆ. ಅವರೆಲ್ಲರಿಗೂ ಕಾಫಿ ಮಾಡಿಕೊಟ್ಟವಳು ನಾನು.

ಕಾವಿಗೆ ಕೂತದ್ದು

ಜೀಪು ನಮ್ಮ ಮಾವನವರದು. ಯಾವುದೋ ಹರಾಜಿನಲ್ಲಿ ಹಿಡಿದು, ಅದರ ಪೆಟ್ರೋಲ್ ಎಂಜಿನ್ ಕಿತ್ತುಹಾಕಿ ಡೀಸೆಲ್ ಎಂಜಿನ್ ಕೂರಿಸಿದ್ದರು. ಹೊಲ, ತೋಪು, ಕಲ್ಲುಗುಡ್ಡ, ಎಲ್ಲಿಗೆ ಬೇಕಾದರೂ ಹತ್ತುತ್ತಿತ್ತು.

ಮಾವನವರಿಗೆ ಒಂದು ಅಭ್ಯಾಸ. ಯಾರ ಮನೆ ಮುಂದೆ ಹೋಗಿ ನಿಂತರೂ ಎಂಜಿನ್ ಆಫ್ ಮಾಡುತ್ತಿರಲಿಲ್ಲ. ಸೀಟಿನಲ್ಲಿ ಕೂತೇ ಮಾತಾಡಿಸುವರು. ಮನೆಯವರು ಹೊರಗೆ ಬಂದು ಕರೆದ ರೀತಿ ಸರಿಯೆನಿಸಿದರೆ ಎಂಜಿನ್ ಆಫ್, ಊಟಕ್ಕೆ ಎಲೆ ಹಾಕಬಹುದು ಎಂದರ್ಥ. ಅರೆಮನಸ್ಸಿನಿಂದ ಕರೆದರು ಅನ್ನಿಸಿದರೆ ಹಾಗೆಯೇ ಗೇರ್ ಹಾಕಿಕೊಂಡು ವಾಪಸ್. ಒಂದು ಮದುವೆ ಮನೆಯಲ್ಲಿ ತಾಂಬೂಲದ ತಟ್ಟೆ ತಡವಾಗಿ ಬಂತೆಂದು ಧಾರೆಗೆ ಮುಂಚೆಯೇ ಹೊರಟುಬಂದಿದ್ದರು. ಈ ಸಂಗತಿ ಶ್ರೀನಿವಾಸಪುರ, ಮುಳಬಾಗಿಲು ಎರಡು ಕಡೆಯೂ ಮನೆಮಾತಾಗಿತ್ತು. ನಮ್ಮ ಮಾವ ಬಂದರು ಅಂದರೆ ಒಳಗಿನ ಹೆಂಗಸರು ಮೊದಲು ಕೇಳುತ್ತಿದ್ದದ್ದು, "ಆಫ್ ಮಾಡಿದ್ರಾ?"

ಅವರು ತೀರಿಕೊಂಡ ಮೇಲೆ ಜೀಪು ಹುಳುಮನೆಯ ಪಕ್ಕದ ಮಾಡಿನಲ್ಲಿ ವರ್ಷಗಟ್ಟಲೆ ನಿಂತೇಹೋಯಿತು. ಹುಳುಮನೆ ಅಂದರೆ ನಾವು ರೇಷ್ಮೆ ಹುಳು ಸಾಕುವ ಕೋಣೆ. ಚಕ್ರಗಳು ಮಣ್ಣಿಗಿಳಿದವು. ಸ್ಟೇರಿಂಗಿಗೆ ಈರುಳ್ಳಿ ಗೊಂಚಲು ನೇತುಬಿತ್ತು.

ಅಷ್ಟರಲ್ಲಿ ನನ್ನ ನಾದಿನಿಗೆ ಮುಳಬಾಗಿಲಿನ ಸಂಬಂಧ ಕುದುರಿತು. ಗಂಡಿನ ತಂದೆ ತರಕಾರಿ ಮಂಡಿ ಇಟ್ಟವರು, ದೊಡ್ಡ ಮನಸ್ಸಿನವರು. ಆಗೆಲ್ಲ ನಮ್ಮ ಕಡೆ ಮದುವೆ ಗಂಡಿನ ಮನೆಯಲ್ಲೇ, ಹೆಣ್ಣನ್ನು ನಾವೇ ಕರೆದುಕೊಂಡು ಹೋಗಬೇಕು. ನಿಶ್ಚಿತಾರ್ಥದ ದಿನ ನಾದಿನಿ ನನ್ನ ಕೈಹಿಡಿದು ಹಿತ್ತಲಿಗೆ ಎಳೆದಳು. "ಅತ್ತಿಗೆ, ಅಪ್ಪ ಇದ್ದಿದ್ರೆ ಅವ್ರೇ ಕರ್ಕೊಂಡು ಹೋಗ್ತಿದ್ರು. ಅಪ್ಪ ಇಲ್ಲ, ಅಪ್ಪನ ಜೀಪಾದ್ರೂ ಇದೆಯಲ್ಲ. ನಾನು ಚಪ್ಪರದ ಮುಂದೆ ಇಳಿದ್ರೆ ಅದ್ರಿಂದಾನೇ ಇಳೀಬೇಕು. ಅಣ್ಣನಿಗೆ ಹೇಳಿ."

ಹೇಳಿದೆ. ನಮ್ಮ ಯಜಮಾನರು ತಂಗಿ ಕೇಳಿದ್ದನ್ನು ಒಂದು ದಿನವೂ ಇಲ್ಲ ಅಂದವರಲ್ಲ. ಹೊರಗೆ ಹೋದವರೇ ಬೀಗರೆದುರಿಗೆ, "ಹೆಣ್ಣು ನಮ್ಮ ತಂದೆ ಜೀಪಲ್ಲೇ ಬರ್ತಾಳೆ. ಬಂಡಿ ಕಲ್ಲುಗುಂಡಿನ ಹಾಗಿದೆ, ಸೆಲ್ಫ್ ಒತ್ತಿದ್ರೆ ಸಾಕು" ಅಂದುಬಿಟ್ಟರು. ಕಲ್ಲುಗುಂಡಿನ ಹಾಗೆ ಇದ್ದದ್ದು ನಿಜ. ಅಲ್ಲಾಡುತ್ತಿರಲಿಲ್ಲ.

ಮಾರನೆಯ ವಾರವೇ ಶ್ರೀನಿವಾಸಪುರದಿಂದ ಮೆಕ್ಯಾನಿಕ್ಕು ಬಂದ. ತೆಲುಗು, ಉರ್ದು, ಕನ್ನಡ ಮೂರನ್ನೂ ಒಂದೇ ಉಸಿರಿಗೆ ಆಡುವ ಮನುಷ್ಯ. ಬಾಗಿಲಿಲ್ಲದ ಜೀಪಿನೊಳಗೆ ಕಾಲಿಟ್ಟವನು "ಅಬ್ಬಾ!" ಎಂದು ಕುಕ್ಕಿಸಿಕೊಂಡ ಕೈ ಕೊಡವುತ್ತಾ ಹಿಂದಕ್ಕೆ ಹಾರಿದ. ಡ್ರೈವರ್ ಸೀಟಿನ ಮೇಲೆ ನಮ್ಮ ಅತ್ತೆಯವರ ಕೋಳಿ ಕಾವಿಗೆ ಕೂತಿತ್ತು.

"ಕೋಳಿ ಎತ್ತಿ ಆಕಡೆ ಇಡಿ ಅಮ್ಮಾ" ಅಂದ.

ಅತ್ತೆ ಅಡ್ಡ ನಿಂತರು. "ಕಾವಿಗೆ ಕೂತಿದ್ದನ್ನ ಎಬ್ಬಿಸ್ತಾರೇನಪ್ಪಾ? ಮನೇಲಿ ಮದ್ವೆ ಇಟ್ಕೊಂಡು? ಮರಿ ಆಗ್ಲಿ, ಆಮೇಲೆ ಬಾ."

ಅತ್ತೆಯ ಮಾತಿಗೆ ಆ ಮನೆಯಲ್ಲಿ ಎದುರಿಲ್ಲ. ಮೆಕ್ಯಾನಿಕ್ಕು ಕಾಫಿ ಕುಡಿದು, ಸ್ಪಾನರುಗಳನ್ನು ಚೀಲಕ್ಕೆ ತುಂಬಿಕೊಂಡು, ಯಜಮಾನರ ಮುಖ ನೋಡಿ ಹೇಳಿದ. "ಅಣ್ಣಾ, ಗಾಡಿ ರೆಡಿ ಆದ್ಮೇಲೆ ಹೇಳಿಕಳಿಸು ಅನ್ನೋ ಗಿರಾಕಿ ತುಂಬಾ ನೋಡಿದ್ದೀನಿ. ಕೋಳಿ ರೆಡಿ ಆದ್ಮೇಲೆ ಹೇಳಿಕಳಿಸ್ತೀನಿ ಅಂದೋರು ನೀವೇ ಫಸ್ಟು."

ಹುರುಳಿ ಕಟ್ಟು

ಮರಿಗಳಾದವು. ಮೆಕ್ಯಾನಿಕ್ಕು ಮತ್ತೆ ಬಂದ. ಹ್ಯಾಂಡಲ್ ಹಾಕಿ ತಿರುಗಿಸಲು ನೋಡಿದರೆ ಎಂಜಿನ್ ಕದಲಲಿಲ್ಲ. "ಪಿಸ್ಟನ್ ಜಾಮ್ ಆಗಿದೆ. ಮೇಲಿನಿಂದ ಸೀಮೆಎಣ್ಣೆ ಬಿಟ್ಟು ನೆನೆಯೋಕೆ ಹಾಕ್ಬೇಕು" ಅಂದ. ನನ್ನ ಸ್ಟೌವಿನ ಸೀಮೆಎಣ್ಣೆ ಎಂಜಿನ್ನಿನ ಹೊಟ್ಟೆಗೆ ಹೋಯಿತು. ಕಳಚಿದ ಸಾಮಾನುಗಳನ್ನು ತೊಳೆಯಲು ಸಾರಿನ ಪಾತ್ರೆ ಹೋಯಿತು. ತೊಳೆದದ್ದನ್ನು ಹರಡಿಡಲು ಮೊರ ಹೋಯಿತು. ನಟ್ಟು ಬೋಲ್ಟು ಕಳೆಯದಿರಲೆಂದು ಸಾಸಿವೆ ಜೀರಿಗೆ ಡಬ್ಬಿಯೂ ಹೋಯಿತು. ಆ ದಿನಗಳಲ್ಲಿ ಒಗ್ಗರಣೆ ಹಾಕಬೇಕಾದರೆ ನಾನು ಜೀಪಿನ ಹತ್ತಿರ ಹೋಗಿ ಕೇಳಿ ತರಬೇಕಿತ್ತು.

ಹಾಗೆ ನೋಡಿದರೆ ನನ್ನ ದೂರು ಪಾತ್ರೆಯದ್ದಲ್ಲ, ಕಾಫಿಯದ್ದು. ಜೀಪು ಬಿಚ್ಚಿದ್ದಾರೆ ಅಂದರೆ ಊರಿಗೆ ಊರೇ ನೋಡಲು ಬರುತ್ತಿತ್ತು. ಬಂದವರಿಗೆಲ್ಲ ಕಾಫಿ. ಎಲ್ಲರಿಗೂ ಕೊಟ್ಟು, ಕೊನೆಯಲ್ಲಿ ನನ್ನ ಲೋಟ ಹಿಡಿದು ಹೊಸ್ತಿಲ ಮೇಲೆ ಕೂರುತ್ತಿದ್ದ ಹಾಗೇ "ಅಕ್ಕಾ, ಇದೊಂಚೂರು ಹಿಡ್ಕೊಳ್ಳಿ" ಎಂಬ ಕೂಗು ಬರುತ್ತಿತ್ತು. ಹಿಡಿದುಕೊಂಡು ವಾಪಸ್ ಬರುವಷ್ಟರಲ್ಲಿ ಕಾಫಿ ತಣ್ಣಗಾಗಿ ಮೇಲೆ ಕೆನೆ ಕಟ್ಟಿರುತ್ತಿತ್ತು. ಆ ಎರಡು ತಿಂಗಳು ನಾನು ಬಿಸಿ ಕಾಫಿ ಕುಡಿದ ನೆನಪಿಲ್ಲ.

ಇರಲಿ. ಒಂದು ದಿನ ಮೆಕ್ಯಾನಿಕ್ಕು ರೇಡಿಯೇಟರಿನೊಳಗೆ ಕಡ್ಡಿ ಹಾಕಿ ನೋಡಿ, "ಒಳಗೆಲ್ಲಾ ಕಲ್ಲು ಕಟ್ಟಿದೆ. ನೀರು ಆಡಲ್ಲ" ಎಂದು ಹೇಳಿ, ಅದಕ್ಕೆ ಬೇಕಾದ ಔಷಧಿ ತರಲು ಕೋಲಾರಕ್ಕೆ ಹೋದ. ಕಲ್ಲು ಎಂಬ ಮಾತು ಅತ್ತೆಯ ಕಿವಿಗೆ ಬಿತ್ತು. ಮಾವನವರಿಗೆ ಕೊನೆಗಾಲದಲ್ಲಿ ಮೂತ್ರಕೋಶದಲ್ಲಿ ಕಲ್ಲಾಗಿತ್ತು. ಅದನ್ನು ತಾನೇ ದಿನಾ ಹುರುಳಿ ಕಟ್ಟು ಕುಡಿಸಿ ಕರಗಿಸಿದೆ ಎಂದು ಅತ್ತೆಗೆ ಹೆಮ್ಮೆ. ಹುರುಳಿ ಕಾಳು ಬೇಯಿಸಿ ಬಸಿದ ಗಟ್ಟಿ ನೀರೇ ಕಟ್ಟು.

"ಯಜಮಾನರಿಗೆ ಆಗಿದ್ದು ಅವರ ಜೀಪಿಗೆ ಆಗಲ್ವೇನೇ?" ಅಂದರು. ನಾನು ಬೇಡ ಅನ್ನುವಷ್ಟರಲ್ಲಿ ದೊಡ್ಡ ಪಾತ್ರೆ ತುಂಬ ಹುರುಳಿ ಒಲೆ ಹತ್ತಿತ್ತು. ಬೆಂದ ಮೇಲೆ ಅತ್ತೆ ಅದನ್ನು ಬಸಿದು, ಬಿಸಿಬಿಸಿಯಾಗಿ, ರೇಡಿಯೇಟರಿನ ಬಾಯಿಗೆ ಸುರಿದರು. ಕರಗಲಿ ಎಂದು ಮೇಲಿಂದ ಮುಚ್ಚಳವನ್ನೂ ಬಿಗಿದರು. ಕಾಳು ದಂಡವಾಗಬಾರದಲ್ಲ, ಮಿಕ್ಕಿದ್ದಕ್ಕೆ ಸಾರು ಮಾಡಿದೆವು.

ಮೆಕ್ಯಾನಿಕ್ಕು ಎರಡು ದಿನ ಬಿಟ್ಟು ಬಂದು ಮುಚ್ಚಳ ತೆಗೆದ. ಮೂಗು ಬಗ್ಗಿಸಿದ. ಮತ್ತೆ ಮೂಗು ಬಗ್ಗಿಸಿದ. ನೀರು ಹಾಕಿ ಹಾಕಿ ತೊಳೆದ. ಕಲ್ಲು ಕರಗಿತ್ತೋ ಇಲ್ಲವೋ ಗೊತ್ತಿಲ್ಲ, ಹುರುಳಿಯ ವಾಸನೆ ಮಾತ್ರ ಹೋಗಲಿಲ್ಲ. ಕೊನೆಗೆ ಸೋತು ಕಲ್ಲಿನ ಮೇಲೆ ಕೂತು ಹೇಳಿದ. "ಅಮ್ಮಾ, ಇಷ್ಟು ಮಾಡಿದ್ದೀರ, ಒಂದು ಒಗ್ಗರಣೆ ಯಾಕೆ ಬಿಟ್ರಿ?"

ಹಾಲಿನ ಕ್ಯಾನು

ಯಲ್ದೂರಿನಲ್ಲಿ ಆಗ ಪೆಟ್ರೋಲ್ ಬಂಕ್ ಇರಲಿಲ್ಲ. ಡೀಸೆಲ್ ಬೇಕಾದರೆ ಶ್ರೀನಿವಾಸಪುರಕ್ಕೆ ಹೋಗಬೇಕು. ಬಸ್ಸಿನಲ್ಲಿ ಡಬ್ಬ ಹಿಡಿದುಕೊಂಡು ಹತ್ತಿದರೆ ಕಂಡಕ್ಟರು ಇಳಿಸುತ್ತಿದ್ದ. ಯಜಮಾನರು ಉಪಾಯ ಮಾಡಿದರು. ನಮ್ಮ ಮನೆಯಲ್ಲಿ ಡೈರಿಗೆ ಹಾಲು ಹಾಕುವ ಅಲ್ಯೂಮಿನಿಯಂ ಕ್ಯಾನು ಇತ್ತು. ಹಾಲಿನ ಕ್ಯಾನನ್ನು ಯಾವ ಕಂಡಕ್ಟರೂ ಮುಟ್ಟುವುದಿಲ್ಲ, ಆ ಕಡೆಯ ಬಸ್ಸುಗಳಲ್ಲಿ ಅರ್ಧ ಸವಾರಿ ಅವೇ.

ಸಾಯಂಕಾಲ ಹೋಗಿ ತಂದರು. ಜೀಪಿಗೆ ಸುರಿದರು. ಒಳ್ಳೆಯ ಮನುಷ್ಯರು, ಕ್ಯಾನನ್ನು ತೊಳೆದೂ ಇಟ್ಟರು. ಗಂಡಸರು ತೊಳೆಯುವುದು ಅಂದರೆ ನಿಮಗೆ ಗೊತ್ತು. ಬೆಳಕು ಹರಿಯುವ ಮುಂಚೆ ಎದ್ದು ಹಾಲು ಕರೆದು ಕ್ಯಾನಿಗೆ ಸುರಿದವಳು ನಾನು. ಹುಳುಮನೆಯ ಕೆಲಸವೂ ಇತ್ತು, ನಿದ್ದೆಗಣ್ಣೂ ಇತ್ತು, ಜೊತೆಗೆ ಮನೆಯೆಲ್ಲ ಡೀಸೆಲ್ ವಾಸನೆ ಹೊಡೆಯುತ್ತಿದ್ದುದರಿಂದ ಮೂಗಿಗೆ ಬೇರೆ ಏನೂ ತಿಳಿಯುತ್ತಿರಲಿಲ್ಲ.

ಡೈರಿಯಲ್ಲಿ ಹಾಲು ಅಳೆಯುವವನು ನಮ್ಮ ಬೀದಿಯವನೇ, ನನ್ನನ್ನು ಅಕ್ಕ ಅನ್ನುವವನು. ಕ್ಯಾನಿನ ಮುಚ್ಚಳ ತೆಗೆದ. ಹಾಲಿನ ಮೇಲೆ ನವಿಲುಗರಿಯ ಬಣ್ಣದ ಪಸೆ ತೇಲುತ್ತಿತ್ತು. ಒಂದು ಸಲ ಹಾಲು ನೋಡಿದ, ಒಂದು ಸಲ ನನ್ನ ನೋಡಿದ. ಹಿಂದೆ ಸಾಲಿನಲ್ಲಿ ಊರಿನ ಹೆಂಗಸರೆಲ್ಲ ಬಗ್ಗಿ ನೋಡುತ್ತಿದ್ದಾರೆ.

"ಅಕ್ಕಾ, ನೀರು ಬೆರೆಸೋರನ್ನ ದಿನಾ ನೋಡ್ತೀನಿ, ಬಯ್ಯೋದೂ ಗೊತ್ತು. ಇದಕ್ಕೇನಂತ ಬಯ್ಯಲಿ?"

ನನಗೆ ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. ಕ್ಯಾನು ಎತ್ತಿಕೊಂಡು ಹೊರಟೆ. ಅವನು ಹಿಂದಿನಿಂದ ಮೆತ್ತಗೆ ಕೂಗಿದ. "ಅಕ್ಕಾ, ನಿಮ್ಮ ಹಸೂನ ಸ್ವಲ್ಪ ದಿನ ಬಂಕಿನ ಕಡೆ ಮೇಯೋಕೆ ಬಿಡಬೇಡಿ."

ಎತ್ತು ಕಟ್ಟಿದ್ದು

ಅಂತೂ ಪಿಸ್ಟನ್ ಸಡಿಲವಾಯಿತು. ಬ್ರೇಕು ಒಂದು ಬಿಟ್ಟು ಮಿಕ್ಕಿದ್ದೆಲ್ಲ ಕೂರಿಸಿದ್ದಾಯಿತು. ಇನ್ನು ಸ್ಟಾರ್ಟ್ ಮಾಡುವುದು. ಆದರೆ ಮಾಡಿನಲ್ಲೇ ಸ್ಟಾರ್ಟ್ ಮಾಡುವ ಹಾಗಿಲ್ಲ. ಪಕ್ಕದ ಗೋಡೆಯಾಚೆ ನನ್ನ ಹುಳು ಹಣ್ಣಾಗುತ್ತಿದ್ದವು, ಎಂದರೆ ಗೂಡು ಕಟ್ಟಲು ಸಿದ್ಧವಾಗಿದ್ದವು. ರೇಷ್ಮೆ ಹುಳು ಬೀಡಿ ಹೊಗೆಯನ್ನೂ ತಡೆಯುವುದಿಲ್ಲ. ಈ ಎಂಜಿನ್ ಒಂದು ಸಲ ಕೆಮ್ಮಿದರೆ ಇಡೀ ಬೆಳೆ ಮಲಗಿಬಿಡುತ್ತದೆ.

"ಹುಳುಮನೆ ಹತ್ರ ಹೊಗೆ ಬಂದ್ರೆ ನಾನು ಮಾಲೂರಿಗೆ ಹೋಗ್ತೀನಿ" ಅಂದೆ. ಆ ಎರಡು ತಿಂಗಳಲ್ಲಿ ನಾನು ಗಟ್ಟಿಯಾಗಿ ಆಡಿದ ಮಾತು ಅದೊಂದೇ.

ಸರಿ, ಕೆರೆಯ ದಾರಿಗೆ ಎಳೆದುಕೊಂಡು ಹೋಗುವುದೆಂದಾಯಿತು. ಪಕ್ಕದ ಮನೆಯವರು ತಮ್ಮ ಜೋಡೆತ್ತು ಕೊಟ್ಟರು. ಬೆಳ್ಳಗೆ, ಸಾಧು ಪ್ರಾಣಿಗಳು. ಹಗ್ಗ ಕಟ್ಟಿ ಹೊಡೆದರು. ಯಜಮಾನರು ಜೀಪಿನಲ್ಲಿ ಸ್ಟೇರಿಂಗ್ ಹಿಡಿದು ಕೂತರು. ಪಕ್ಕದಲ್ಲಿ ಮೆಕ್ಯಾನಿಕ್ಕು. ಹಿಂದೆ ಊರು. ಅದರ ಹಿಂದೆ, ನೀರಿನ ಬಿಂದಿಗೆ ಸೊಂಟದಲ್ಲಿಟ್ಟುಕೊಂಡು, ನಾನು.

ಸಮತಟ್ಟಿನಲ್ಲಿ ಎಲ್ಲ ಸರಿಯಾಗಿತ್ತು. ಕೆರೆ ದಾರಿ ಇಳಿಜಾರು. ಅಲ್ಲಿ ಎತ್ತು ನಿಧಾನ ಮಾಡಿದವು, ಜೀಪು ಮಾಡಲಿಲ್ಲ. ಬ್ರೇಕಿಲ್ಲ ಎಂಬುದು ಎಲ್ಲರಿಗೂ ಆಗ ನೆನಪಾಯಿತು. ಹಗ್ಗ ಸಡಿಲವಾಗಿ ನೆಲಕ್ಕೆ ಬಿತ್ತು. ಜೀಪು ತನ್ನ ಪಾಡಿಗೆ ಎತ್ತುಗಳ ಹಿಂದೆ ಹಿಂದೆ ಬಂತು. ಎಡಗಡೆಯ ಎತ್ತು ಒಂದು ಸಲ ತಿರುಗಿ ನೋಡಿತು. ಆಮೇಲೆ ಎರಡೂ ಓಡಿದವು.

"ಗೇರ್ ಹಾಕಣ್ಣಾ!" ಎಂದು ಮೆಕ್ಯಾನಿಕ್ಕು ಕಿರುಚಿದ. ಯಜಮಾನರು ಗೇರ್ ಹಾಕಿ ಕ್ಲಚ್ ಬಿಟ್ಟರು. ಎಂಜಿನ್ ಡಬ್ ಎಂದು ಒಂದೇ ಒಂದು ಸಲ ಸಿಡಿಯಿತು. ಅಷ್ಟೇ. ಕರಿಮೋಡದಂಥ ಹೊಗೆ ಎದ್ದಿತು, ಜೀಪು ನಿಂತಿತು, ಹಗ್ಗ ಹರಿಯಿತು. ಹೊಗೆ ತಿಳಿಯಾದಾಗ ಎತ್ತುಗಳು ಎಲ್ಲೂ ಇರಲಿಲ್ಲ.

ಎತ್ತಿನ ಯಜಮಾನರು ಕತ್ತಲಾಗುವ ಹೊತ್ತಿಗೆ ಅವನ್ನು ಹುಡುಕಿಕೊಂಡು ಬಂದರು. ಮೈಯೆಲ್ಲ ಮುಳ್ಳು ತರಚಿತ್ತು. ನಮ್ಮ ಯಜಮಾನರು ಸಂಕೋಚದಿಂದ, "ತಪ್ಪಾಯ್ತಣ್ಣ, ಬಂಡಿ ಸ್ಟಾರ್ಟ್ ಆಗ್ಲಿಲ್ಲ" ಅಂದರು.

"ಬಂಡಿ ಆಗ್ಲಿಲ್ಲ ಬಿಡಪ್ಪಾ" ಅಂದರು ಅವರು. "ಎತ್ತು ಆಯ್ತು. ಸುಗಟೂರು ದಾರಿವರೆಗೂ ಆಫೇ ಆಗ್ಲಿಲ್ಲ."

ಏಳು, ಮಲಗು

ಮದುವೆಯ ದಿನ ಬಂದೇಬಿಟ್ಟಿತು. ಅಷ್ಟರಲ್ಲಿ ಬ್ರೇಕು ಕೂರಿಸಿದ್ದರು. ಹುಳು ಗೂಡು ಕಟ್ಟಿ ನನ್ನ ಕೈ ಬಿಡುವಾಗಿತ್ತು. ಎಂಜಿನ್ ಮಾತ್ರ ಒಂದು ಡಬ್ ಬಿಟ್ಟರೆ ಎರಡನೆಯದು ಹೇಳಿರಲಿಲ್ಲ. ನೆಂಟರಿಗೆಲ್ಲ ಬಸ್ಸು ಮಾಡಿದ್ದೆವು. ಯಜಮಾನರು ರಾತ್ರಿಯೆಲ್ಲ ನಿದ್ದೆಯಿಲ್ಲದ ಮುಖ ಹೊತ್ತು ತಂಗಿಯ ಹತ್ತಿರ ಹೋಗಿ, "ಬಸ್ಸಲ್ಲಿ ಮುಂದಿನ ಸೀಟು ಇಟ್ಟಿದ್ದೀನಮ್ಮಾ" ಅಂದರು. ಅವಳು ರೇಷ್ಮೆ ಸೀರೆಯುಟ್ಟು, ಹೂ ಮುಡಿದು, ನೇರವಾಗಿ ಹೋಗಿ ಜೀಪಿನ ಹಿಂದಿನ ಸೀಟಿನಲ್ಲಿ ಕೂತಳು.

"ಇಳಿಯೇ, ಹೊತ್ತಾಗುತ್ತೆ" ಅಂದರು ಅತ್ತೆ.

"ತಳ್ಳಿ. ನಾನು ಇಳಿಯಲ್ಲ."

ಬಸ್ಸಿನಲ್ಲಿ ಕೂತಿದ್ದ ನೆಂಟರೆಲ್ಲ ಇಳಿದು ಬಂದರು. ಜರಿಪಂಚೆ ಎತ್ತಿಕಟ್ಟಿದರು. ಹೆಂಗಸರು ಸೆರಗು ಸಿಕ್ಕಿಸಿದರು. ಡೀಸೆಲ್ ಪೈಪಿನಲ್ಲಿ ಗಾಳಿ ಸೇರಿದೆ, ಅದನ್ನು ತೆಗೆಯಬೇಕು ಎಂದು ಮೆಕ್ಯಾನಿಕ್ಕು ಒಂದು ಸಣ್ಣ ಪಂಪನ್ನು ಒತ್ತುತ್ತಿರಲು ನನಗೆ ಹೇಳಿದ. ನನ್ನ ಕಾಫಿ ಮಡ್‌ಗಾರ್ಡಿನ ಮೇಲೆ ಉಳಿಯಿತು. ಒತ್ತಿದೆ, ಒತ್ತಿದೆ, ಹೆಬ್ಬೆರಳು ಮರಗಟ್ಟಿತು. ಅವನು ನಟ್ಟು ಬಿಗಿದು "ತಳ್ಳಿ!" ಎಂದ.

ಅದೇ ಕೆರೆ ದಾರಿ. ಅದೇ ಇಳಿಜಾರು. ಪಕ್ಕದ ಮನೆಯವರು ಮುಂಜಾಗ್ರತೆಗೆ ಎತ್ತುಗಳನ್ನು ಕೊಟ್ಟಿಗೆಯಲ್ಲಿ ಕೂಡಿ ಬಾಗಿಲು ಹಾಕಿದ್ದರು. ಡಬ್ ಎಂದಿತು. ಇನ್ನೊಮ್ಮೆ ಡಬ್. ಆಮೇಲೆ ಡಬ ಡಬ ಡಬ ಎಂದು ಹಿಡಿದುಕೊಂಡಿತು ನೋಡಿ, ಊರಿಗೆ ಊರೇ ಕೇಕೆ ಹಾಕಿತು. ಒಳಗೆ ಕೂತ ನಾದಿನಿ ಸೆರಗಿನಿಂದ ಕಣ್ಣೊರಸಿಕೊಂಡಳು. ಹೊಗೆಗೋ ಅಪ್ಪನ ನೆನಪಿಗೋ ನಾನು ಕೇಳಲಿಲ್ಲ.

ಮೆಕ್ಯಾನಿಕ್ಕು ಯಜಮಾನರ ಕಿವಿಯ ಹತ್ತಿರ ಬಂದು ಕೂಗಿದ. "ಅಣ್ಣಾ, ಸೆಲ್ಫೂ ಸತ್ತಿದೆ, ಬ್ಯಾಟರೀನೂ ಸತ್ತಿದೆ. ಆಫ್ ಆದ್ರೆ ಇಳಿಜಾರು ಹುಡುಕ್ಬೇಕು. ಆಕ್ಸಿಲೇಟರ್ ಮೇಲಿಂದ ಕಾಲು ತೆಗೀಬೇಡಿ, ತೆಗೆದ್ರೆ ನಿಂತೋಗುತ್ತೆ."

ಅತ್ತೆ ಬಸ್ಸು ಹತ್ತುತ್ತಾ ಕೈಮುಗಿದರು. "ಎರಡು ತಿಂಗಳು ಏಳಪ್ಪಾ ಏಳಪ್ಪಾ ಅಂತ ಬೇಡ್ಕೊಂಡಿದ್ದಾಯ್ತು. ಇನ್ನು ಮಲಗಬೇಡಪ್ಪಾ ಅಂತ ಬೇರೆ ಬೇಡ್ಕೋಬೇಕು."

ಬೀಗರ ಮರ್ಯಾದೆ

ಹೀಗೆ ಹೊರಟೆವು. ಮುಂದೆ ಯಜಮಾನರು ಮತ್ತು ಮೆಕ್ಯಾನಿಕ್ಕು, ಹಿಂದೆ ನಾದಿನಿ, ಅವಳ ಪಕ್ಕ ತೊಡೆಯ ಮೇಲೆ ನೀರಿನ ಕ್ಯಾನು ಇಟ್ಟುಕೊಂಡು ನಾನು. ಎಂಜಿನ್ ಬಿಸಿಯಾದ ಹಾಗೆ ಹುರುಳಿಯ ವಾಸನೆ ಏಳತೊಡಗಿತು. ಶ್ರೀನಿವಾಸಪುರ ದಾಟುವ ಹೊತ್ತಿಗೆ ಯಾರದೋ ಮನೆಯ ಮಧ್ಯಾಹ್ನದ ಅಡುಗೆಮನೆಯಲ್ಲಿ ಕೂತ ಹಾಗಿತ್ತು. ಎಂಜಿನ್ ಆಫ್ ಮಾಡದೆಯೇ ನೀರು ಹಾಕಿ ಹಾಕಿ ಮುಳಬಾಗಿಲು ಮುಟ್ಟಿದೆವು.

ಹೆಣ್ಣಿನ ಕಡೆಯವರು ಇಳಿದುಕೊಳ್ಳಲು ಬೀಗರು ಬೀದಿಯ ತುದಿಯಲ್ಲಿ ಒಂದು ಬಿಡದಿ ಮನೆ ಕೊಟ್ಟಿದ್ದರು. ಅಲ್ಲಿ ಹೆಣ್ಣಿಗೆ ಅಲಂಕಾರ ಮಾಡಿ, ಮುಹೂರ್ತದ ಹೊತ್ತಿಗೆ ಚಪ್ಪರದ ಮುಂದೆ ಇಳಿಸಬೇಕು. ಯಜಮಾನರು ಬೀದಿಯ ಆ ತುದಿ ಈ ತುದಿ ನೋಡಿದರು. ತಟ್ಟೆಯ ಹಾಗೆ ಸಮ. ನನ್ನ ಕಡೆ ಬಗ್ಗಿ ಹೇಳಿದರು. "ಇಲ್ಲಿ ಇಳಿಜಾರೇ ಇಲ್ಲ. ಈಗ ಆಫ್ ಮಾಡಿದ್ರೆ ಅವಳು ಚಪ್ಪರಕ್ಕೆ ನಡ್ಕೊಂಡೇ ಹೋಗ್ಬೇಕು. ನಾನು ಇಲ್ಲೇ ಕೂತಿರ್ತೀನಿ. ಯಾರಿಗೂ ಹೇಳ್ಬೇಡ, ಮಾನ ಹೋಗುತ್ತೆ."

ನಾವು ಇಳಿದೆವು. ಅವರು ಆಕ್ಸಿಲೇಟರ್ ಒತ್ತಿಕೊಂಡು ಕೂತರು.

ಬೀಗರು ವಾಲಗದ ಸಮೇತ ಎದುರುಗೊಳ್ಳಲು ಬಂದರು. ಕೈಮುಗಿದು, "ಬನ್ನಿ, ಇಳೀರಿ" ಅಂದರು.

"ಪರವಾಗಿಲ್ಲ, ಇಲ್ಲೇ ಇರ್ತೀನಿ" ಅಂದರು ಯಜಮಾನರು.

ಬೀಗರ ದೃಷ್ಟಿ ಎಂಜಿನ್ ಕಡೆ ಹೋಯಿತು. ಮತ್ತೆ ಯಜಮಾನರ ಮುಖದ ಕಡೆ ಬಂತು. ಅದೇ ಜೀಪು, ಅದೇ ಸೀಟು, ಅಪ್ಪನ ಮೂಗನ್ನೇ ಹೊತ್ತು ಹುಟ್ಟಿದ ಮಗ. ಬೀಗರ ಬಣ್ಣ ಇಳಿಯಿತು.

ಆಮೇಲೆ ಶುರುವಾಯಿತು. ಮೊದಲು ಬಾದಾಮಿ ಹಾಲು ಬಂತು. ಯಜಮಾನರು ಕುಡಿದರು, ಎಂಜಿನ್ ಆಫ್ ಆಗಲಿಲ್ಲ. ತಾಂಬೂಲದ ತಟ್ಟೆ ಬಂತು, ಬೆಳ್ಳಿಯದು. ತೆಗೆದುಕೊಂಡರು, ಆಫ್ ಆಗಲಿಲ್ಲ. ವಾಲಗದವರನ್ನು ತಂದು ಜೀಪಿನ ಪಕ್ಕದಲ್ಲೇ ನಿಲ್ಲಿಸಿದರು. ಎಂಜಿನ್ನಿನ ಸದ್ದಿಗೆ ನಾದಸ್ವರ ಯಾರಿಗೂ ಕೇಳಲಿಲ್ಲ, ಆದರೂ ಅವರು ಕೆನ್ನೆ ಉಬ್ಬಿಸಿ ಊದಿದರು. ಬಿಡದಿ ಮನೆಯಲ್ಲಿ ಬರಿನೆಲದ ಮೇಲೆ ಕೂತಿದ್ದ ನಮ್ಮವರಿಗೆಲ್ಲ ಚಾಪೆ ಬಂತು. ಚಾಪೆ ಹೋಗಿ ಜಮಖಾನ ಬಂತು.

ಗಂಡಿನ ತಾಯಿ ಓಡಿಬಂದು ನನ್ನ ಎರಡೂ ಕೈ ಹಿಡಿದುಕೊಂಡರು. "ಏನಮ್ಮಾ ಕಡಿಮೆ ಆಯ್ತು? ಬಾಯಿಬಿಟ್ಟು ಹೇಳಮ್ಮಾ."

"ಏನೂ ಇಲ್ಲ ಅತ್ತೆಮ್ಮಾ" ಅಂದೆ. ಎರಡು ತಿಂಗಳ ಸುಸ್ತು ಆ ಮಾತಿನಲ್ಲಿತ್ತು.

ಅವರು ಹೊರಗೆ ಹೋಗಿ ಗಂಡನಿಗೆ ಹೇಳಿದ್ದು ಕಿಟಕಿಯಲ್ಲಿ ಕೇಳಿಸಿತು. "ಏನೂ ಇಲ್ಲ ಅಂದ್ಲು ಕಣ್ರೀ. ಅಂದ ರೀತಿ ನೋಡಿದ್ರೆ ತುಂಬಾ ಇದೆ."

ಅಷ್ಟರಲ್ಲಿ ರೇಡಿಯೇಟರ್ ಕುದಿಯತೊಡಗಿತು. ಬೀದಿಯ ತುಂಬ ಹುರುಳಿ ಸಾರಿನ ಘಮಘಮ. ಬೀಗರು ಮೂಗೆತ್ತಿ ನೋಡಿದರು, ಜೀಪಿನ ಸುತ್ತ ಒಂದು ಸುತ್ತು ಬಂದರು. ವಾಸನೆ ಅಲ್ಲಿಂದಲೇ. ತಲೆಯ ಮೇಲೆ ಕೈಹೊತ್ತು ಹೆಂಡತಿಯ ಹತ್ತಿರ ಬಂದರು.

"ಮುಗೀತು ಕಣೇ. ಅಡುಗೇನೂ ಕಟ್ಕೊಂಡೇ ಬಂದಿದ್ದಾರೆ. ನಮ್ಮನೇಲಿ ಎಲೆ ಮೇಲೆ ಕೂರಲ್ಲ ಅಂತ ಮನೆಯಿಂದಾನೇ ತೀರ್ಮಾನ ಮಾಡ್ಕೊಂಡಿದ್ದಾರೆ. ಮುಹೂರ್ತದ ಹೊತ್ತಿಗೆ ಹೆಣ್ಣು ಜೀಪಲ್ಲಿ ಕೂತ ಹಾಗೇ ವಾಪಸ್ ತಿರುಗಿಸ್ಕೊಂಡು ಹೋಗ್ತಾರೋ ಏನೋ."

ಒಳಗೆ ನಾದಿನಿಗೆ ಅದು ಕೇಳಿಸಿತು. ಮುಖ ಬಿಳುಪಾಯಿತು. "ಅತ್ತಿಗೆ, ಮದ್ವೆ ಮುರಿದುಬೀಳುತ್ತಾ? ಅಣ್ಣಂಗೆ ಆಫ್ ಮಾಡೋಕೆ ಹೇಳಿ. ನಾನು ನಡ್ಕೊಂಡೇ ಹೋಗ್ತೀನಿ." ಎರಡು ತಿಂಗಳು ಹಿಡಿದ ಹಟವನ್ನು ಅವಳು ಒಂದು ಉಸಿರಿನಲ್ಲಿ ಬಿಟ್ಟಳು. ಅವಳನ್ನು ನೋಡಿ ನನಗೆ ತಡೆಯಲಾಗಲಿಲ್ಲ.

"ಸುಮ್ನಿರೇ" ಅಂದೆ. "ನನ್ನ ಸಾರಿನ ಪಾತ್ರೆ ಹೋಯ್ತು, ಹಾಲು ಹೋಯ್ತು, ಹೆಬ್ಬೆರಳು ಹೋಯ್ತು. ಇಷ್ಟಾದ್ಮೇಲೆ ನೀನು ನಡ್ಕೊಂಡು ಹೋಗೋದನ್ನ ನಾನು ನೋಡಲ್ಲ. ಏಳು, ಹತ್ತು."

ಹತ್ತಿದೆವು. ಜೀಪು ಬೀದಿಯುದ್ದಕ್ಕೂ ಡಬಡಬ ಎನ್ನುತ್ತಾ, ಹಬೆ ಬಿಡುತ್ತಾ, ಹುರುಳಿ ಘಮಗುಡುತ್ತಾ ಸಾಗಿತು. ಅಕ್ಕಪಕ್ಕ ಬೀಗರ ಕಡೆಯವರು ಕೈಕೈ ಹಿಡಿದು ನಡೆದು ಬಂದರು, ನಾವು ತಿರುಗಿಸಿಕೊಂಡು ಹೋಗದ ಹಾಗೆ ಬೇಲಿ ಕಟ್ಟಿದಂತೆ. ಚಪ್ಪರದ ಮುಂದೆ ಬೀಗರು ಒಂದು ದೊಡ್ಡ ಕುರ್ಚಿ ಹಾಕಿಸಿದ್ದರು. ಅದರ ಮೇಲೆ ಹೊಸ ಬೆಡ್‌ಶೀಟು. ನನಗೆ ಕೈಮುಗಿದು ಅಂದರು, "ತಾಯೀ, ನೀವು ಇಲ್ಲಿ ಕೂರಬೇಕು."

ನಾದಿನಿ ಇಳಿದಳು. ಇಳಿದವಳು ಮುಂದೆ ಹೋಗಿ ಬಾನೆಟ್ಟಿನ ಮೇಲೆ ಕೈಯಿಟ್ಟಳು. "ಅಪ್ಪಾ" ಅಂದಳು. ಸುಟ್ಟಿತೆಂದು ಕೈ ತೆಗೆದಳು.

ಹೆಣ್ಣು ಇಳಿದಾಯಿತಲ್ಲ. ಯಜಮಾನರು ದೊಡ್ಡ ಉಸಿರುಬಿಟ್ಟು ಎಂಜಿನ್ ಆಫ್ ಮಾಡಿದರು. ಅದೇ ಹೊತ್ತಿಗೆ ನಾನು ಆ ಕುರ್ಚಿಯಲ್ಲಿ ಕೂತೆ.

ಬೀದಿ ನಿಶ್ಶಬ್ದವಾಯಿತು. ಮೊದಲ ಸಲ ನಾದಸ್ವರ ಕೇಳಿಸಿತು. ಬೀಗರು ನನ್ನ ಕುರ್ಚಿ ನೋಡಿದರು, ಜೀಪು ನೋಡಿದರು, ಹೆಂಡತಿಗೆ ಮೊಣಕೈಯಿಂದ ತಿವಿದರು. "ಕುರ್ಚಿ ಕಣೇ! ಕುರ್ಚಿ! ಬೆಳಿಗ್ಗೇನೇ ಹಾಕಿದ್ರೆ ಆಗ್ತಿತ್ತು."

ಮದುವೆ ಚೆನ್ನಾಗಿ ಆಯಿತು. ಊಟವೂ ಆಯಿತು. ಸಾಯಂಕಾಲ ನಾವು ಹೊರಡಬೇಕು. ಯಜಮಾನರು ಜೀಪು ಹತ್ತಿದರು. ಸಮತಟ್ಟು ಬೀದಿ. ಮೆಕ್ಯಾನಿಕ್ಕು ಹ್ಯಾಂಡಲ್ ತಿರುಗಿಸಿದ, ನಮ್ಮವರು ತಳ್ಳಿದರು, ಬಸ್ಸಿನವರು ತಳ್ಳಿದರು. ಜೀಪು ಚಪ್ಪರದ ಮುಂದೆ ಹೋಗಿ ಬಂದು, ಹೋಗಿ ಬಂದು, ಅಲ್ಲೇ ನಿಂತಿತು. ಡಬ್ ಎಂದೂ ಅನ್ನಲಿಲ್ಲ.

ನಾನು ಮತ್ತೆ ಆ ಕುರ್ಚಿಯಲ್ಲಿ ಕೂತೆ. ಬೀಗರು ಸೊಂಟದ ಮೇಲೆ ಕೈಯಿಟ್ಟು ಅದನ್ನೆಲ್ಲ ನೋಡುತ್ತಿದ್ದರು. ಮುಖದ ಮೇಲೆ ಸಂತೋಷ ಹಿಡಿಸಲಾರದಷ್ಟು. ಹೆಂಡತಿಯನ್ನು ಕರೆದು ಹೇಳಿದರು. "ನೋಡೇ. ಬಂದಾಗ ಎಂಜಿನ್ ಆಫ್ ಮಾಡೋಕೇ ಒಪ್ಪದೋರು, ಈಗ ಆನ್ ಮಾಡೋಕೇ ಒಪ್ತಿಲ್ಲ. ಅಷ್ಟು ಚೆನ್ನಾಗಿ ನೋಡ್ಕೊಂಡಿದ್ದೀವಿ. ಹೋಗು, ಆ ತಾಯಿಗೆ ಇನ್ನೊಂದು ಕಾಫಿ ತಗೊಂಡು ಬಾ."

ಕಾಫಿ ಬಂತು. ದೂರದಲ್ಲಿ ಯಜಮಾನರು, "ಬಾರೇ, ಇದೊಂಚೂರು ಹಿಡ್ಕೊ" ಎಂದು ಕೂಗುತ್ತಿದ್ದರು. ನಾನು ಕಿವಿಗೊಡಲಿಲ್ಲ. ಲೋಟ ಸುಡುತ್ತಿತ್ತು. ಕೂತು ಪೂರ್ತಿ ಕುಡಿದೆ.